ಬಿಸಿಯಲ್ಲ, ಬೆಚ್ಚಗೆ

ಡಿಸೆಂಬರ್ ಹದಿನಾಲ್ಕು, ಭಾನುವಾರ. ಬೆಳಿಗ್ಗೆ ಆರು ನಲವತ್ತು. ಸ್ಥಳ ಕೇಣಿಯ ದಂಡೆ. ಹಾಜರಿದ್ದವರು ಮೂವರು: ದೋಣಿಯ ಮಾಲಕ ಬೊಮ್ಮಯ್ಯ, ಅವನ ಹೆಂಡತಿ ತುಳಸಿ ಮತ್ತು ನಾನು.

ಯಾವ ಬರವಣಿಗೆಯನ್ನೇ ಆಗಲಿ ಹೀಗೆ ಶುರು ಮಾಡುವುದು ನನಗೆ ರೂಢಿಯಾಗಿಬಿಟ್ಟಿದೆ. ಕಾರವಾರದ ದೋಣಿ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ನಾನು ಔಟ್‌ಬೋರ್ಡ್ ಮೋಟಾರು ರಿಪೇರಿ ಮಾಡಿದೆ. ಸಣ್ಣ ದೋಣಿಗಳ ಹಿಂಬದಿಯ ಹಲಗೆಗೆ ಸಿಕ್ಕಿಸಿ, ಹಗ್ಗ ಎಳೆದು ಚಾಲೂ ಮಾಡುವ ಮೋಟಾರು ಅದು. ಅಲ್ಲಿ ಪ್ರತಿ ಮೋಟಾರಿಗೂ ಒಂದು ಕಾರ್ಡು ಇತ್ತು. ತಾರೀಕು, ಹೊತ್ತು, ಯಾರಿದ್ದರು ಎಂಬುದನ್ನು ಬರೆಯದೆ ಸ್ಪಾನರ್ ಮುಟ್ಟುವಂತಿರಲಿಲ್ಲ. ನಿವೃತ್ತನಾಗಿ ಏಳು ವರ್ಷವಾದರೂ ಖಾಲಿ ಕಾರ್ಡಿನ ಒಂದು ಕಟ್ಟು ನನ್ನ ಚೀಲದಲ್ಲಿ ಇದ್ದೇ ಇರುತ್ತದೆ.

ವರ್ಕ್‌ಶಾಪಿನ ಈಗಿನ ಮುಖ್ಯಸ್ಥರು, ಹೊಸದಾಗಿ ಸೇರಿದವರಿಗೆ ಉಪಯೋಗವಾಗುವಂತೆ ಏನಾದರೂ ಬರೆದುಕೊಡಿ ಎಂದರು. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವ ದಿನ ಯಾರು ಏನು ಹೇಳಿದರು ಎಂಬುದೆಲ್ಲ ಕಚೇರಿಯ ಫೈಲಿನಲ್ಲಿದೆ. ಅದರಿಂದ ಯಾವ ಮೋಟಾರೂ ಚಾಲೂ ಆಗುವುದಿಲ್ಲ. ಆದ್ದರಿಂದ ಒಂದೇ ಮೋಟಾರಿನ ಒಂದು ದಿನವನ್ನು ಬರೆಯುತ್ತೇನೆ. ನಡುವೆ ಹಳೆಯದು ನೆನಪಿಗೆ ಬಂದರೆ ಬರಲಿ.

ಬೊಮ್ಮಯ್ಯನ ಮೋಟಾರು ಎರಡು ಸಿಲಿಂಡರಿನದು, ಹತ್ತೊಂಬತ್ತು ವರ್ಷ ಹಳೆಯದು. ನಾನೇ ದೋಣಿಗೆ ಕೂರಿಸಿಕೊಟ್ಟದ್ದು. ಗಂಡ ಹೆಂಡತಿ ಇಬ್ಬರೇ ಅದರಲ್ಲಿ ಹೋಗಿ ಸಂಜೆ ಬಲೆ ಬಿಟ್ಟು, ಬೆಳಿಗ್ಗೆ ಎಳೆಯುತ್ತಾರೆ. ಎರಡು ತಿಂಗಳಿಂದ ಅದಕ್ಕೊಂದು ಕಾಯಿಲೆ ಹಿಡಿದಿತ್ತು. ದಂಡೆಯಿಂದ ಹೊರಡುವಾಗ ಒಂದೇ ಎಳೆತಕ್ಕೆ ಏಳುತ್ತದೆ. ಬಲೆಯ ಹತ್ತಿರ ಹೋಗಿ ನಿಲ್ಲಿಸಿ, ಬಲೆ ಎಳೆದು ಮುಗಿಸಿ, ಮನೆಗೆ ಹೊರಡೋಣ ಎಂದರೆ ಏಳುವುದಿಲ್ಲ. ಹಿಂದಿನ ಗುರುವಾರ ಹಾಗೆ ಕೈಕೊಟ್ಟಾಗ ದೋಣಿ ತೇಲುತ್ತ ಬಂಡೆಗಳ ಕಡೆ ಹೋಗಿತ್ತು. ತುಳಸಿ ಹುಟ್ಟನ್ನು ಬಂಡೆಗೆ ಒತ್ತಿ ಹಿಡಿದು ದೋಣಿ ಉಳಿಸಿದಳು. ಅಂಗೈಯ ಚರ್ಮ ಸುಲಿದಿತ್ತು.

ಸುದ್ದಿ ಕೇಳಿ ಅವಳ ಅಣ್ಣ ಮಂಜುನಾಥ ಹಾರವಾಡದಿಂದ ಬಂದ. ಅವನದು ದೊಡ್ಡ ದೋಣಿ, ಆಳುಕಾಳು ಇದ್ದಾರೆ. ಅವನು ಬೊಮ್ಮಯ್ಯನಿಗೆ ಹೇಳಿದ್ದಿಷ್ಟು: "ಬಾವಾ, ಸಾಕು ಇದು. ಭಾನುವಾರ ಸಂಜೆ ಐದಕ್ಕೆ ಹಗ್ಗ ತಕಂಡು ಬತ್ತೆ. ಈ ದೋಣಿ ಎಳ್ಕಂಡು ಹೋಗಿ ಮಾರ್ವಾ. ನೀ ನನ್ನ ದೋಣಿಗೆ ಬಾ. ತಂಗಿ ಮನೇಲಿರ್ಲಿ." ದೊಡ್ಡ ದೋಣಿಗೆ ಹೆಂಗಸರನ್ನು ಹತ್ತಿಸುವ ಪದ್ಧತಿಯಿಲ್ಲ. ಅಂದರೆ ಹತ್ತೊಂಬತ್ತು ವರ್ಷ ಒಟ್ಟಿಗೆ ನೀರಿಗೆ ಹೋದವರಲ್ಲಿ ಒಬ್ಬಳು ದಂಡೆಯಲ್ಲಿ ಉಳಿಯಬೇಕು. ಬೊಮ್ಮಯ್ಯ ಆಗಲಿ ಎಂದಿದ್ದ. ತುಳಸಿ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಶನಿವಾರ ರಾತ್ರಿ ನನಗೆ ಫೋನು ಮಾಡಿದ್ದು ಮಾತ್ರ ಅವಳೇ.

"ಗೌಡ್ರೆ, ಮೋಟಾರು ನಿಮ್ಮತ್ರ ತರುದಿಲ್ಲ ಈ ಸಲ. ನೀವೇ ಬನ್ನಿ. ದೋಣೀಲಿ ಕೂತ್ಕಂಡು ನೋಡಿ."

ನನಗೆ ನಾಚಿಕೆಯಾಯಿತು. ಏಕೆಂದರೆ ಮೂರು ವಾರದ ಹಿಂದೆ ಆ ಮೋಟಾರನ್ನು ನೋಡಿ, ಸರಿಯಾಗಿದೆ ಎಂದು ಕಾರ್ಡಿನಲ್ಲಿ ಬರೆದು ಸಹಿ ಮಾಡಿದವನು ನಾನು.

ನನ್ನ ಮೂಲ ಮನೆ ರಾಮನಗುಳಿ ಕಡೆ, ಗದ್ದೆ ಮಾಡುವವರು. ಹೊಳೆ ಕಂಡಿದ್ದೆ, ಸಮುದ್ರ ಕಂಡಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಫೋರ್‌ಮನ್ ವಿಠೋಬಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗದ್ದೆ ಗೌಡ, ನೇಗಿಲು ಎಲ್ಲಿಟ್ಟು ಬಂದೆ?" ಎಂದರು. ಅವರು ಮನೆಯಲ್ಲಿ ಕೊಂಕಣಿ ಆಡುವವರು. ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಕೊಂಕಣಿ. ಮೊದಲ ಮೂರು ತಿಂಗಳು ನಾನು ಅವರಿಂದ ಕೇಳಿದ್ದು ಒಂದೇ ವಾಕ್ಯ: "ಹಾತ್ ಲಾವ್ ನಾಕಾ!" ಕೈ ಹಚ್ಚಬೇಡ ಎಂದರ್ಥ. ಮೋಟಾರು ಬಂದ ಕೂಡಲೇ ಬಿಚ್ಚಲು ಹೋಗುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೊದಲ ಹತ್ತು ನಿಮಿಷ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು, ತಂದವನನ್ನು ಕೇಳಬೇಕು: ಯಾವಾಗ ನಿಂತಿತು, ನಿಂತ ಎಷ್ಟು ಹೊತ್ತಿಗೆ ಎಳೆದೆ, ನಿಲ್ಲಿಸುವ ಮೊದಲು ನಿನ್ನ ಕೈ ಏನು ಮಾಡುತ್ತಿತ್ತು. ಈ ಮೂರನೆಯ ಪ್ರಶ್ನೆಯನ್ನು ಗಮನಿಸಿ. ಮುಂದೆ ಬೇಕಾಗುತ್ತದೆ.

ಸೇರಿದ ಎರಡನೆಯ ವರ್ಷ ಆ ಮಾತು ಮೀರಿದೆ. ಫೋರ್‌ಮನ್ ರಜೆಯಲ್ಲಿದ್ದರು. ಅರ್ಧ ತಾಸು ಓಡಿ ನಿಂತು, ಮತ್ತೆ ಏಳದ ಮೋಟಾರೊಂದು ಬಂತು. ನಾನು ಸೂರ್ಯ ಮುಳುಗುವವರೆಗೆ ಅದರ ಕಾರ್ಬೊರೇಟರ್ ಬಿಚ್ಚಿದೆ, ಪಂಪು ಬಿಚ್ಚಿದೆ, ಸಿಲಿಂಡರಿನ ತಲೆಯನ್ನೂ ಎತ್ತಿದೆ. ಮರುದಿನ ಫೋರ್‌ಮನ್ ಬಂದರು. ನೆಲದ ಮೇಲೆ ಸಾಲಾಗಿ ಹರವಿದ ಭಾಗಗಳನ್ನು ನೋಡಿದರು. ನೇರವಾಗಿ ಹೋಗಿ ಎಣ್ಣೆ ಡಬ್ಬಿಯ ಮುಚ್ಚಳದ ಮೇಲಿದ್ದ ಗಾಳಿ ತಿರುಪನ್ನು ಎರಡು ಸುತ್ತು ಸಡಿಲಿಸಿದರು. ಡಬ್ಬಿ 'ಪುಸ್' ಎಂದು ಉಸಿರೆಳೆದುಕೊಂಡಿತು. ಒಳಗೆ ಗಾಳಿ ಹೋಗದೆ ಎಣ್ಣೆ ಇಳಿಯುತ್ತಿರಲಿಲ್ಲ, ಅಷ್ಟೇ.

"ಈಗ ಜೋಡ್ಸು," ಎಂದರು. "ಜೋಡ್ಸಿ ಆದ್ಮೇಲೆ ಊಟ."

ಊಟ ಮಾಡುವಾಗ ಸಂಜೆ ಆರು ಗಂಟೆ. ಅವರೂ ಅಲ್ಲಿಯವರೆಗೆ ಉಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಇನ್ನೊಂದು ಸಂಗತಿ ನನಗೆ ಹೆಸರು ತಂದದ್ದು. ಹೆಸರು ಬಂದದ್ದೇ ಮುಂದೆ ಕುತ್ತಾಯಿತು, ಆದ್ದರಿಂದ ಹೇಳಬೇಕು. ಒಂದು ಮೋಟಾರು ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ, ಬಿಸಿಯಾದರೆ ಸತ್ತಂತೆ. ಮೂವರು ಮೆಕ್ಯಾನಿಕ್‌ಗಳು ನೋಡಿ ಕೈಬಿಟ್ಟಿದ್ದರು. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಬಿಸಿಗೆ ಒಳಗೊಳಗೇ ಬಿಟ್ಟುಕೊಳ್ಳುತ್ತಿರಬಹುದು ಎಂದು ನನಗೆ ಸಂಶಯ. ಮೋಟಾರು ನಿಂತ ಕೂಡಲೇ ಪ್ಲಗ್ ತೆಗೆದು ನೋಡಿದೆ, ಕಿಡಿ ಇಲ್ಲ. ಪಕ್ಕದ ಮೀನು ಪೆಟ್ಟಿಗೆಯಿಂದ ಒಂದು ಹಿಡಿ ಬರ್ಫ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಾಯಿಲ್ ಮೇಲೆ ಐದು ನಿಮಿಷ ಇಟ್ಟೆ. ಕಿಡಿ ತಿರುಗಿ ಬಂತು. ಕಾಯಿಲ್ ಬದಲಿಸಿದೆ, ರೋಗ ಹೋಯಿತು. ಅಲ್ಲಿಂದ ಮುಂದೆ ಬಂದರಿನಲ್ಲಿ ನನ್ನ ಹೆಸರು 'ಕಾಯಿಲ್ ಗೌಡ'. ಕರೆದಾಗ ಸಿಟ್ಟು ಬಂದಂತೆ ತೋರಿಸುತ್ತಿದ್ದೆ, ಬರುತ್ತಿರಲಿಲ್ಲ.

ಆದ್ದರಿಂದ ಬೊಮ್ಮಯ್ಯ ಮೂರು ವಾರದ ಹಿಂದೆ ಟೆಂಪೋದಲ್ಲಿ ಮೋಟಾರು ಹೇರಿಕೊಂಡು ಕಾರವಾರದ ನನ್ನ ಮನೆಗೆ ಬಂದು, "ಗೌಡ್ರೆ, ಬಿಸಿಯಾದ್ರೆ ಚಾಲೂ ಆಗುದಿಲ್ಲ," ಎಂದಾಗ ನನ್ನ ಕಿವಿಗೆ ಬಿದ್ದದ್ದು ಆ ಒಂದೇ ಶಬ್ದ. ಬಿಸಿ. ಈಗಿನವರಂತೆ ಅವನೂ ಮೊಬೈಲಿನಲ್ಲಿ ಸದ್ದು ಹಿಡಿದು ಮೊದಲೇ ಕಳಿಸಿದ್ದ. ಹದಿನಾಲ್ಕು ಸಲ ಹಗ್ಗ ಎಳೆದ ಸದ್ದು, ಮೋಟಾರು ಕೆಮ್ಮುವುದೂ ಇಲ್ಲ. ಎಳೆತ ಮುಗಿದ ಕೂಡಲೇ ನಾನು ಮೊಬೈಲು ನಿಲ್ಲಿಸಿಬಿಡುತ್ತಿದ್ದೆ.

"ಮೋಟಾರಲ್ಲಿ ಏನಾದ್ರೂ ಬದಲು ಮಾಡಿದ್ಯಾ?"

"ಮೋಟಾರಲ್ಲಾ? ಒಂದು ಬೋಲ್ಟು ಸೈತ ಮುಟ್ಲಿಲ್ಲ."

"ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸ್ತೀರಾ?"

"ಮೂರು ನಿಮಿಷ. ನೀವೇ ಹೇಳ್ಕೊಟ್ಟಿದ್ದಲ್ರಾ."

ಇದನ್ನು ಹೊಸಬರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಹಳೆಯ ಮೋಟಾರುಗಳು ಚಾಲೂ ಆಗುವುದು ಪೆಟ್ರೋಲಿನಿಂದ, ಓಡುವುದು ಸೀಮೆಎಣ್ಣೆಯಿಂದ. ದೋಣಿಯಲ್ಲಿ ಎರಡು ಡಬ್ಬಿ. ನಡುವೆ ನಲ್ಲಿಯ ತಿರುಪಿನಂಥ ಹಿತ್ತಾಳೆಯ ಪುಟ್ಟ ಚಾವಿ. ಒಂದು ಕಡೆ ತಿರುಗಿಸಿದರೆ ಪೆಟ್ರೋಲು, ಇನ್ನೊಂದು ಕಡೆ ಸೀಮೆಎಣ್ಣೆ. ಸೀಮೆಎಣ್ಣೆಗೆ ಕಾವು ಬೇಕು, ಕಾವಿಲ್ಲದಿದ್ದರೆ ಹೊತ್ತುವುದಿಲ್ಲ. ಆದ್ದರಿಂದ ನಿಲ್ಲಿಸುವ ಮೊದಲು ಚಾವಿಯನ್ನು ಪೆಟ್ರೋಲಿಗೆ ತಿರುಗಿಸಿ, ಮೋಟಾರು ಸಣ್ಣಗೆ ಓಡುತ್ತಿರುವಾಗಲೇ ಒಳಗಿನ ಸೀಮೆಎಣ್ಣೆ ಮುಗಿದು ಪೆಟ್ರೋಲು ತುಂಬಿಕೊಳ್ಳುವಂತೆ ಮಾಡಬೇಕು. ಅದಕ್ಕೆ ಮೂರು ನಿಮಿಷ. ಬೊಮ್ಮಯ್ಯ ಮೂರು ನಿಮಿಷ ಎಂದ ಮೇಲೆ ಆ ಬಾಗಿಲು ಮುಚ್ಚಿದೆ ಎಂದುಕೊಂಡೆ.

ಮೋಟಾರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ, ನನ್ನ ಡಬ್ಬಿ, ನನ್ನ ಪೈಪು ಜೋಡಿಸಿ ಒಂದು ತಾಸು ಓಡಿಸಿದೆ. ನಿಲ್ಲಿಸಿ ಎಳೆದೆ, ಎದ್ದಿತು. ಹತ್ತು ಸಲ ನಿಲ್ಲಿಸಿದೆ, ಹತ್ತು ಸಲವೂ ಎದ್ದಿತು. ಮೀಟರಿನಲ್ಲಿ ಕಾಯಿಲ್ ಅಳೆದೆ. ಅಂಕೆ ಸರಿಯಾದ ಮಿತಿಯ ಅಂಚಿನಲ್ಲಿತ್ತು, ಒಳಗೇ ಇತ್ತು. ಆದರೂ ಬದಲಿಸಿದೆ. ಮೀಟರು ಹೇಳಿದ್ದನ್ನು ಬಿಟ್ಟು ನನಗೆ ಬೇಕಾದದ್ದನ್ನು ಓದಿದೆ. ಹೊಸ ಕಾಯಿಲ್ ಹಾಕಿಕೊಂಡು ಹೋದ ಮೋಟಾರು ಮೊದಲಿನಂತೆಯೇ ಕೈಕೊಡುತ್ತ ಹೋಯಿತು, ಆ ಗುರುವಾರ ದೋಣಿಯನ್ನು ಬಂಡೆಯ ಹತ್ತಿರ ಒಯ್ದಿತು.

ಈಗ ಭಾನುವಾರಕ್ಕೆ ಬರುತ್ತೇನೆ. ಮೂವತ್ತೊಂದು ವರ್ಷ ದೋಣಿ ಮೋಟಾರು ರಿಪೇರಿ ಮಾಡಿದವನು ದೋಣಿ ಹತ್ತಿದ್ದು ಎಷ್ಟು ಸಲ ಎಂದು ಕೇಳಬೇಡಿ. ಬೊಮ್ಮಯ್ಯ ಕೈ ಹಿಡಿದು ಹತ್ತಿಸಿದ. ತುಳಸಿ ಮುಂದಿನ ಹಲಗೆಯ ಮೇಲೆ ಕೂತು ನನ್ನ ಮುಖ ನೋಡಿ ನಕ್ಕಳು.

"ಗೌಡ್ರೆ, ಹಂಗೆ ಬಿಗಿ ಹಿಡೀಬೇಡಿ. ದೋಣಿ ನೋವಾತದೆ ಅಂತದೆ."

ಏಳು ಐದಕ್ಕೆ ಮೋಟಾರು ಒಂದೇ ಎಳೆತಕ್ಕೆ ಎದ್ದಿತು. ಬರೆದುಕೊಂಡೆ. ಐದು ನಿಮಿಷದ ನಂತರ ಅದರ ದನಿ ಸ್ವಲ್ಪ ದಪ್ಪವಾಯಿತು, ಸೀಮೆಎಣ್ಣೆಗೆ ಬದಲಾಗಿತ್ತು. ನಾನು ಬೊಮ್ಮಯ್ಯನ ಕೈ ನೋಡುತ್ತಿದ್ದೆ. ಅವನ ಎಡಗೈ ಮೋಟಾರಿನ ಹಿಡಿಯ ಮೇಲಿತ್ತು, ಬಲಗೈ ತೊಡೆಯ ಮೇಲೆ. ಚಾವಿ ಮುಟ್ಟಿದ್ದು ಯಾವಾಗ ಎಂದು ತಿಳಿಯಲಿಲ್ಲ. ಮತ್ತೆ ಆ ಕೈಗಳನ್ನೇ ನೋಡುತ್ತ ಕೂತೆ.

ಏಳು ಐವತ್ತಕ್ಕೆ ಬಲೆಯ ಬೆಂಡುಗಳು ಕಂಡವು. ವೇಗ ತಗ್ಗಿಸಿ ಸಣ್ಣಗೆ ಸುತ್ತು ಹಾಕಿ ನಿಲ್ಲಿಸಿದ. ನಾನು ಕೂಡಲೇ, "ಈಗಲೇ ಎಳಿ," ಎಂದೆ. ಎಳೆದ. ಎದ್ದಿತು.

"ಬೊಮ್ಮಯ್ಯ, ಇದು ಬಿಸಿಯಿದೆ. ಎದ್ದಿತಲ್ಲ?"

"ಅದೇ ನಂಗೂ ತಿಳೀದು ಮಾರಾಯ್ರೆ. ನೀವು ಬಂದಿರಿ ಅಂತ ಮರ್ಯಾದಿ ಕೊಟ್ತಾ ಏನಾ."

ಮತ್ತೆ ನಿಲ್ಲಿಸಿ ಅವರಿಬ್ಬರೂ ಬಲೆಗೆ ಇಳಿದರು. ಅವರು ಬಲೆ ಎಳೆಯುವುದನ್ನು ನಾನು ಕಂಡದ್ದು ಅದೇ ಮೊದಲು. ಮಾತಿಲ್ಲ. ಅವನು ಎಳೆದಷ್ಟನ್ನು ಅವಳು ಮಡಚುತ್ತಾಳೆ. ಅವಳು ಬಿಡಿಸಲು ನಿಂತರೆ ಅವನು ತಾನಾಗಿ ನಿಲ್ಲುತ್ತಾನೆ. ಅವನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ ಎಂಬುದನ್ನೂ ಆಗಲೇ ಕಂಡೆ. ನಲವತ್ತು ನಿಮಿಷ ಹಿಡಿಯಿತು. ನೊಗಲಿ ಮೀನು ಬುಟ್ಟಿಯ ತಳ ಮುಚ್ಚುವಷ್ಟಾಯಿತು.

ಎಂಟೂವರೆ ದಾಟಿತ್ತು. ಎಳೆದ. ಇಲ್ಲ. ಹನ್ನೆರಡು ಸಲ ಎಳೆದರೂ ಇಲ್ಲ.

ಕಾಯಿಲೆ ಕಣ್ಣೆದುರಿಗೆ ಬಂದಿತ್ತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ದೋಣಿ ಅಲುಗಿದಾಗ ಬೀಳುವಂತಾಗಿ ಮತ್ತೆ ಹಲಗೆ ಹಿಡಿದೆ. ಆಮೇಲೆ ಪ್ಲಗ್ ತೆಗೆದು ನೋಡಿದೆ. ಕಿಡಿ ನೀಲಿಯಾಗಿ, ಚಟಚಟ ಎಂದು ಹಾರುತ್ತಿತ್ತು. ಕಾಯಿಲ್ ನಿರಪರಾಧಿ. ಆದರೆ ಪ್ಲಗ್ಗಿನ ತುದಿ ಒದ್ದೆ. ಕಾರ್ಬೊರೇಟರಿನ ಕೆಳಗಿನ ತಿರುಪು ಸಡಿಲಿಸಿ, ನಾಲ್ಕು ಹನಿಯನ್ನು ಮುಂಗೈ ಮೇಲೆ ಬೀಳಿಸಿಕೊಂಡೆ. ಇದು ವಿಠೋಬಾ ಫೋರ್‌ಮನ್ ಕಲಿಸಿದ ಪರೀಕ್ಷೆ. ಪೆಟ್ರೋಲಾದರೆ ಚರ್ಮ ತಣ್ಣಗಾಗಿ ಕ್ಷಣದಲ್ಲಿ ಹಾರಿಹೋಗುತ್ತದೆ. ಇದು ಹಾರಲಿಲ್ಲ. ಜಿಡ್ಡಾಗಿ ಅಲ್ಲೇ ಕೂತಿತು.

"ಬೊಮ್ಮಯ್ಯ, ಇದು ಸೀಮೆಎಣ್ಣೆ. ನೀನು ಪೆಟ್ರೋಲಿಗೆ ತಿರುಗಿಸಲಿಲ್ಲ."

"ತಿರುಗಿಸಿ ಆಯ್ತು, ಗೌಡ್ರೆ."

"ನಾನು ನೋಡುತ್ತಿದ್ದೆ. ನಿನ್ನ ಕೈ ಚಾವಿಗೆ ಹೋಗಲೇ ಇಲ್ಲ."

ಮುಂದಿನಿಂದ ತುಳಸಿ ಹೇಳಿದಳು: "ಅವ್ರು ಯಂತಕೆ ತಿರುಗಿಸುದು? ತಿರುಗಿಸುದು ನಾನು."

ತಿರುಗಿ ನೋಡಿದೆ. ಹಿತ್ತಾಳೆಯ ಚಾವಿ ಅವಳ ಮೊಣಕಾಲ ಪಕ್ಕದಲ್ಲಿ, ಮುಂದಿನ ಹಲಗೆಯ ಕೆಳಗಿತ್ತು. ನಾನು ಕೂರಿಸಿದ್ದು ಮೋಟಾರಿನ ಬುಡದಲ್ಲಿ.

"ಎಂದಿನಿಂದ?"

"ಮಳೆಗಾಲ ಮುಗಿದಾಗಿಂದ. ಇವ್ರ ಭುಜ ಹಿಡ್ಕಂಡದೆ. ಹಿಂದೆ ತಿರುಗಿ ಚಾವಿ ಮುಟ್ಟುಕೆ ಆಗುದಿಲ್ಲ. ಅದ್ಕೆ ಮುಂದೆ ತಂದಿ ನನ್ನತ್ರ ಹಾಕ್ಕಂಡ್ರು. ಹೇಳ್ಲಿಲ್ವಾ ನಿಮ್ಗೆ?"

"ಮೋಟಾರಲ್ಲಿ ಏನೂ ಬದಲು ಮಾಡಿಲ್ಲ ಅಂದ."

"ಮೋಟಾರಲ್ಲಿ ಮಾಡ್ಲಿಲ್ಲವೇ," ಎಂದ ಬೊಮ್ಮಯ್ಯ ಸಣ್ಣ ದನಿಯಲ್ಲಿ. "ಪೈಪು ದೋಣಿದಲ್ವಾ."

ಅವನು ಸುಳ್ಳು ಹೇಳಿರಲಿಲ್ಲ. ಭುಜದ ಸುದ್ದಿ ಹೊರಗೆ ಬರಬಾರದೆಂದು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದ.

"ತಿರುಗಿಸಿ ಎಷ್ಟು ಹೊತ್ತು ಬಿಟ್ಟೆ?" ಎಂದು ತುಳಸಿಯನ್ನು ಕೇಳಿದೆ.

"ನೂರಾ ಎಂಬತ್ತು ಎಣಿಸ್ತೆ. ಮೂರು ನಿಮಿಷ ಅಂದ್ರೆ ಅಷ್ಟೇ ಅಲ್ರಾ? ಒಂದೂ ಬಿಡುದಿಲ್ಲ."

ಎಣಿಸಿ ತೋರಿಸು ಎಂದೆ. ನನ್ನ ಗಡಿಯಾರಕ್ಕೂ ಅವಳ ಎಣಿಕೆಗೂ ಎರಡು ಸೆಕೆಂಡಿನ ವ್ಯತ್ಯಾಸ. ಆಮೇಲೆ ಚಾವಿಯಿಂದ ಮೋಟಾರಿನವರೆಗೆ ಪೈಪನ್ನು ಮೊಳ ಹಾಕಿದೆ. ನಾನು ಹಾಕಿದ್ದು ಎರಡು ಮೊಳ. ಈಗ ಹಲಗೆಯ ಕೆಳಗೆ ಸುತ್ತಿಕೊಂಡು ಒಂಬತ್ತು ಮೊಳ. ಚಾವಿ ತಿರುಗಿಸಿದ ಮೇಲೂ ಆ ಒಂಬತ್ತು ಮೊಳದೊಳಗಿನ ಸೀಮೆಎಣ್ಣೆ ಮುಗಿಯಬೇಕು, ಆಮೇಲೆ ಪೆಟ್ರೋಲಿನ ಸರದಿ. ಸಣ್ಣಗೆ ಓಡುವ ಮೋಟಾರಿಗೆ ಮೂರು ನಿಮಿಷದಲ್ಲಿ ಅದು ಆಗುವ ಮಾತಲ್ಲ. ದಂಡೆಗೆ ಬರುವಾಗ ಅವಳು ಚಾವಿಯನ್ನು ಅಳಿವೆಯ ಬಾಯಲ್ಲೇ ತಿರುಗಿಸುತ್ತಿದ್ದಳು, ಅಲ್ಲಿಂದ ಹತ್ತು ನಿಮಿಷ ಜೋರಾಗಿ ಓಡಿಸುತ್ತಿದ್ದರು. ಆದ್ದರಿಂದ ಬೆಳಿಗ್ಗೆ ಹೊರಡುವಾಗ ತಕರಾರಿಲ್ಲ. ನಿಂತ ಕೂಡಲೇ ಎಳೆದರೂ ತಕರಾರಿಲ್ಲ, ಮೋಟಾರಿನ ಕಾವಿಗೆ ಸೀಮೆಎಣ್ಣೆಯೂ ಹೊತ್ತುತ್ತದೆ. ಏಳದಿರುವುದು ಇವೆರಡರ ನಡುವೆ, ಮುಟ್ಟಿದರೆ ಸುಡದಷ್ಟು ಆರಿದಾಗ ಮಾತ್ರ.

"ಬಿಸಿಯಾದಾಗ ಅಲ್ಲ ಇದು," ಎಂದೆ.

"ಅಯ್ಯೋ, ಬಿಸಿ ಅಂದಿದ್ದು ಯಾರು?" ಎಂದಳು ತುಳಸಿ. "ನಾ ಮೊದ್ಲಿಂದ ಹೇಳುದು ಬೆಚ್ಚಗಾದ್ರೆ ಬತ್ತಿಲ್ಲ ಅಂತ. ಮುಟ್ಟಿ ನೋಡಿ ಹೇಳಿದ್ದು. ಇವ್ರು ನಿಮ್ಮತ್ರ ಬಂದಿ ಬಿಸಿ ಅಂದ್ರಾ?"

"ಎರಡೂ ಒಂದೇ ಅಲ್ವನೇ," ಎಂದ ಬೊಮ್ಮಯ್ಯ.

"ಚಾ ತಂದಿಟ್ಟಾಗ ಬೆಚ್ಚಗದೆ ಅಂತ ಬೈತ್ರಿ. ಅಲ್ಲಿ ಎರಡೂ ಬೇರೆ, ಇಲ್ಲಿ ಒಂದೇ ಆತ್ತಾ?"

ನಾನು ನಗಲಿಲ್ಲ, ನಗುವ ಅಧಿಕಾರ ನನಗಿರಲಿಲ್ಲ. ಮೂರು ನಿಮಿಷ ಎಂದು ಅವರಿಗೆ ಹೇಳಿಕೊಟ್ಟವನು ನಾನು. ಆ ಮೂರು ನಿಮಿಷ ಎರಡು ಮೊಳ ಪೈಪಿಗೆ ಎಂದು ಹೇಳಿರಲಿಲ್ಲ. ಅಂಕೆ ಕೊಟ್ಟೆ, ಕಾರಣ ಕೊಡಲಿಲ್ಲ. ಅವಳು ಒಂದನ್ನೂ ಬಿಡದೆ ಪಾಲಿಸಿದಳು. ಇನ್ನು, ನಿಲ್ಲಿಸುವ ಮೊದಲು ನಿನ್ನ ಕೈ ಏನು ಮಾಡುತ್ತಿತ್ತು ಎಂಬ ಫೋರ್‌ಮನ್ನರ ಪ್ರಶ್ನೆಯನ್ನು ನಾನು ಬೊಮ್ಮಯ್ಯನಿಗೆ ಕೇಳಿದ್ದೇನೋ ನಿಜ, ಆದರೆ ಆ ಕೈ ಅವನದಾಗಿರಲಿಲ್ಲ. ದೋಣಿಯಲ್ಲಿ ಎರಡು ಜೊತೆ ಕೈಗಳಿದ್ದವು. ಮೋಟಾರನ್ನು ಟೆಂಪೋದಲ್ಲಿ ತರಿಸಿ, ನನ್ನ ಪೈಪು ಜೋಡಿಸಿ, ಡ್ರಮ್ಮಿನಲ್ಲಿ ಓಡಿಸಿ ನೋಡಿದೆ. ದೋಷ ಕೇಣಿಯಲ್ಲಿ, ದೋಣಿಯೊಳಗೇ ಉಳಿದಿತ್ತು.

ಕಾರ್ಬೊರೇಟರಿನಲ್ಲಿದ್ದದ್ದನ್ನು ಡಬ್ಬಕ್ಕೆ ಬಸಿದೆ. ಚಾವಿಯನ್ನು ಪೆಟ್ರೋಲಿಗೆ ತಿರುಗಿಸಿ, ಕೈ ಪಂಪು ಒತ್ತುತ್ತ ಹೋದೆ. ಮುಂಗೈ ತಣ್ಣಗಾಗುವ ಹನಿ ಬರುವವರೆಗೆ. ಪ್ಲಗ್ ಒರೆಸಿ ಹಾಕಿದೆ. ಮೂರನೆಯ ಎಳೆತಕ್ಕೆ ಎದ್ದಿತು. ಒಂಬತ್ತೂ ಮುಕ್ಕಾಲಿಗೆ ದಂಡೆ ಸೇರಿದೆವು.

ಕೆಲಸ ಅರ್ಧ ಮಾತ್ರ ಆಗಿತ್ತು. ಚಾವಿ ಮತ್ತೆ ಮೋಟಾರಿನ ಬುಡಕ್ಕೆ ಹೋಗಬೇಕು. ಹೋದರೆ ಬೊಮ್ಮಯ್ಯನ ಭುಜಕ್ಕೆ ಸಿಗುವುದಿಲ್ಲ. ಅವನು, "ಹೆಂಗಾದ್ರೂ ತಿರುಗಿಸ್ತೆ ಬಿಡಿ," ಎಂದ. ತುಳಸಿ, "ಬೇಡ. ನಿಮ್ಗೆ ಎಣಿಸುಕೆ ಬತ್ತಿಲ್ಲ, ನಲವತ್ತಕ್ಕೆ ನಿಲ್ಲಿಸ್ತ್ರಿ," ಎಂದಳು. ಚಾವಿಯನ್ನು ಬುಡಕ್ಕೇ ಕೂರಿಸಿದೆ, ಅದರ ಹಿಡಿ ಉದ್ದಗಿತ್ತು. ಅದಕ್ಕೆ ಎರಡೂ ಕಡೆ ಬಲೆಯ ದಾರ ಕಟ್ಟಿ, ದೋಣಿಯ ಅಂಚಿನಲ್ಲಿ ಸಣ್ಣ ಬಳೆಗಳ ಒಳಗಿಂದ ಹಾಯಿಸಿ ಮುಂದಿನ ಹಲಗೆಗೆ ತಂದೆ. ಒಂದು ದಾರದ ತುದಿಗೆ ಬಿಳಿ ಬೆಂಡು, ಇನ್ನೊಂದಕ್ಕೆ ಕೆಂಪು. ಬಿಳಿ ಎಳೆದರೆ ಪೆಟ್ರೋಲು, ಕೆಂಪು ಎಳೆದರೆ ಸೀಮೆಎಣ್ಣೆ. ಪೈಪು ಕತ್ತರಿಸಿ ಎರಡು ಮೊಳಕ್ಕೆ ಇಳಿಸಿದೆ.

ಆಮೇಲೆ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದೆ. ಅದರಲ್ಲಿ ಅವನ ಹಳೆಯ ಕಾಯಿಲ್ ಇತ್ತು. ಹೊಸದನ್ನು ಬಿಚ್ಚಿ ಹಳೆಯದನ್ನು ಹಾಕತೊಡಗಿದಾಗ ಬೊಮ್ಮಯ್ಯ ಗಾಬರಿಯಾದ.

"ಇದೆಂತ್ರಾ, ಹಳೇದ್ನೇ ಹಾಕ್ತ್ರಾ? ಐದಕ್ಕೆ ಮಂಜುನಾಥ ಬತ್ತಾನೆ!"

ತಪ್ಪಿ ಬದಲಿಸಿದ ಭಾಗವನ್ನು ಬದಲಿಸಿದವನೇ ಮೊದಲಿನಂತೆ ಹಾಕಬೇಕು ಎಂಬುದು ನಮ್ಮ ಫೋರ್‌ಮನ್ನರ ಕಟ್ಟಳೆ. ಎರಡು ಬದಲಾವಣೆ ಒಟ್ಟಿಗೆ ಇದ್ದರೆ ಯಾವುದರಿಂದ ವಾಸಿಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಬಂಡೆಯ ಹತ್ತಿರವೇ ತಿಳಿಯುವುದು. ಇದನ್ನು ಅವನಿಗೆ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ತುಳಸಿ ಮಾತ್ರ, "ಹಾಕ್ಲಿ. ಸುಮ್ನಿರಿ," ಎಂದು ದಂಡೆಯ ಮೇಲಿನ ಮನೆಯೊಳಗೆ ಹೋಗಿ ಮೀನು ಒಲೆಯ ಮೇಲಿಟ್ಟಳು.

ಊಟದ ಹೊತ್ತಿಗೆ ಅವಳೇ ನೆನಪಿಸಿದಳು: "ಆ ಮೊಬೈಲಲ್ಲೂ ಹೇಳಿದ್ದೆ ನಾನು." ಹದಿನಾಲ್ಕು ಎಳೆತದ ಸದ್ದನ್ನು ಮತ್ತೆ ಹಾಕಿ, ಈ ಸಲ ಕೊನೆಯವರೆಗೆ ಬಿಟ್ಟೆ. ಎಳೆತ ಮುಗಿದು, ನೀರು ದೋಣಿಗೆ ಬಡಿಯುವ ಸದ್ದಾಗಿ, ಆಮೇಲೆ ದೂರದಿಂದ ತುಳಸಿಯ ದನಿ: "ಬೆಚ್ಚಗದೆ, ಈಗ ಬತ್ತಿಲ್ಲ. ಗೌಡ್ರಿಗೆ ಹಂಗೇ ಹೇಳಿ." ಎರಡು ತುತ್ತು ಕಡಿಮೆ ಉಂಡೆ. ಅವಳು ಗಮನಿಸಿ ಇನ್ನೊಂದು ಮೀನು ಬಡಿಸಿದಳು.

ಮಧ್ಯಾಹ್ನ ಎರಡೂವರೆಗೆ ಮತ್ತೆ ಹೊರಟೆವು. ಬೆಳಗಿನ ದಾರಿಯೇ, ಬೆಳಗಿನ ವೇಗವೇ. ಐದು ನಿಮಿಷಕ್ಕೆ ಕೆಂಪು ಬೆಂಡು. ಮೂರೂಕಾಲಿಗೆ ಬೆಳಗಿನ ಜಾಗ. ಬಿಳಿ ಬೆಂಡು ಎಳೆದು ತುಳಸಿ ಎಣಿಸತೊಡಗಿದಳು. ತುಟಿ ಮಾತ್ರ ಆಡುತ್ತಿತ್ತು. ನೂರಾ ಎಂಬತ್ತಕ್ಕೆ ಕೈ ಎತ್ತಿದಳು. ಬೊಮ್ಮಯ್ಯ ನಿಲ್ಲಿಸಿದ.

ಇನ್ನು ನಲವತ್ತು ನಿಮಿಷ ಕಾಯಬೇಕು. ಬಲೆಯಿಲ್ಲ, ಕೆಲಸವಿಲ್ಲ. ನನ್ನ ವೃತ್ತಿಯಲ್ಲಿ ಅತ್ಯಂತ ಕಷ್ಟದ ಕೆಲಸ ಇದೇ ಎಂದು ಹೊಸಬರು ತಿಳಿಯಬೇಕು. ಏನೂ ಮುಟ್ಟದೆ, ಹೊತ್ತು ಕಡಿಮೆ ಮಾಡದೆ ಕಾಯುವುದು. ಬೊಮ್ಮಯ್ಯ ಇಪ್ಪತ್ತು ನಿಮಿಷಕ್ಕೇ, "ಎಳೀಲಾ?" ಎಂದ. ಬೇಡ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವನು ತುಳಸಿಯ ಕಡೆ ನೋಡದೆ ಹೇಳಿದ: "ಮಂಜುನಾಥನ ದೋಣೀಲಿ ಹದಿನೆಂಟು ಜನ. ಒಬ್ರ ಹೆಸ್ರೂ ನಂಗೆ ಗೊತ್ತಿಲ್ಲ."

"ಗೊತ್ತಾತದೆ, ಹೋದ್ರೆ," ಎಂದಳು ತುಳಸಿ.

"ಅಲ್ಲಿ ಬಲೆ ಮಡಚುಕೆ ಮಿಶನ್ ಅದ್ಯಂತೆ."

"ಮಿಶನ್ ಹತ್ರ ಮಾತಾಡಿ."

ಮೂರು ಐವತ್ತೆಂಟು. ತುಳಸಿ ಎದ್ದು ಹಿಂದೆ ಬಂದು, ಮೋಟಾರಿನ ತಲೆಯ ಮೇಲೆ ಗಾಯದ ಅಂಗೈಯನ್ನು ಇಟ್ಟು ನೋಡಿದಳು.

"ಬೆಚ್ಚಗದೆ," ಎಂದಳು. "ಈಗ ಎಳೀರಿ."

ಅವನು ಎಡಗೈಯಲ್ಲಿ ಎಳೆದ. ಇಲ್ಲ. ನನ್ನ ಎರಡೂ ಕೈ ಬೆನ್ನ ಹಿಂದಿದ್ದವು. ಎರಡನೆಯ ಎಳೆತಕ್ಕೆ ಒಮ್ಮೆ ಕೆಮ್ಮಿ, ನೀಲಿ ಹೊಗೆ ಉಗುಳಿ ಎದ್ದಿತು.

ಬೊಮ್ಮಯ್ಯ ಏನೋ ಕೂಗಿದ, ಸದ್ದಿನಲ್ಲಿ ಕೇಳಿಸಲಿಲ್ಲ. ತುಳಸಿ ತನ್ನ ಹಲಗೆಗೆ ಹೋಗಿ ಕೂತು, ಐದು ನಿಮಿಷ ಎಣಿಸಿ ಕೆಂಪು ಬೆಂಡು ಎಳೆದಳು.

ನಾಲ್ಕು ಐವತ್ತಕ್ಕೆ ದಂಡೆ ಮುಟ್ಟಿದಾಗ ಮಂಜುನಾಥ ಅಲ್ಲಿ ನಿಂತಿದ್ದ. ಹೆಗಲ ಮೇಲೆ ದಪ್ಪ ಹಗ್ಗದ ಸುರುಳಿ. ಮೋಟಾರಿನ ಸದ್ದು ದೂರದಿಂದಲೇ ಕೇಳಿದ್ದನೆಂದು ಕಾಣುತ್ತದೆ, ಹಗ್ಗ ಇಳಿಸಿರಲಿಲ್ಲ.

"ಕಾಯಿಲ್ ಗೌಡ್ರು ಬಂದಿರಲ್ಲ! ಮತ್ತೊಂದು ಕಾಯಿಲ್ ಹಾಕಿದ್ರಾ?"

"ಇಲ್ಲ, ಹಾಕಿದ್ದನ್ನು ತೆಗೆದೆ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ತಂಗಿಯ ಕಡೆ ತಿರುಗಿದ. "ಎಷ್ಟು ಸಲ ಎಳ್ದ್ರಿ?"

"ಎರಡು."

"ಒಂದಲ್ಲ?"

"ನಿನ್ನ ದೊಡ್ಡ ದೋಣಿ ಮೊನ್ನೆ ಎಷ್ಟು ತಾಸು ಜೆಟ್ಟಿಲಿ ನಿಂತಿತ್ತು ಅಣ್ಣಾ? ಹೇಳ್ಲಾ?"

ಮಂಜುನಾಥ ನಕ್ಕುಬಿಟ್ಟ. ತಂಗಿ ಬಂಡೆಗೆ ಬಡಿಯಬಾರದೆಂದೇ ಅಲ್ಲವೇ ಅವನು ಹಗ್ಗ ತಂದದ್ದು. ದೋಣಿ ಹತ್ತಿ ಬಿಳಿ ಬೆಂಡು, ಕೆಂಪು ಬೆಂಡು ಎಳೆದು ನೋಡಿದ. ಬಾವನ ಭುಜ ಮುಟ್ಟಿ, "ಇದ್ನ ಯಂತಕೆ ಹೇಳ್ಲಿಲ್ಲ ಮಾರಾಯ? ನಾಳೆ ಡಾಕ್ಟ್ರ ಹತ್ರ ಹೋಗ್ವಾ," ಎಂದ. ಹಗ್ಗವನ್ನು ಹೆಗಲಿಂದ ಇಳಿಸಲು ಹೋದಾಗ ತುಳಸಿ, "ಅದಿಲ್ಲೇ ಇರ್ಲಿ. ನಮ್ದು ಸವ್ದದೆ," ಎಂದು ತೆಗೆದುಕೊಂಡು, ಎಳೆದೊಯ್ಯಲು ತಂದ ಆ ಹಗ್ಗದಲ್ಲೇ ದೋಣಿಯನ್ನು ದಂಡೆಯ ಗೂಟಕ್ಕೆ ಕಟ್ಟಿದಳು.

ನನ್ನ ಕೆಲಸ ಒಂದು ಉಳಿದಿತ್ತು. ಮಗುಚಿ ಹಾಕಿದ ಬುಟ್ಟಿಯ ಮೇಲೆ ಕಾರ್ಡು ಇಟ್ಟು ಬರೆದೆ. ದೋಷ: ಬೆಚ್ಚಗಿರುವಾಗ ಏಳುವುದಿಲ್ಲ. ಕಾರಣ: ಚಾವಿಯಿಂದ ಮೋಟಾರಿಗೆ ಪೈಪು ಉದ್ದ. ಹಿಂದೆ ಕಾಯಿಲ್ ಬದಲಿಸಿದ್ದು ತಪ್ಪು, ಹಳೆಯದನ್ನೇ ಹಾಕಿದೆ. ಅದರ ಕೆಳಗೆ 'ಮೋಟಾರು ನಡೆಸುವವರು' ಎಂಬ ಸಾಲು ಬರುತ್ತದೆ. ನಮ್ಮ ಕಾರ್ಡಿನಲ್ಲಿ ಅಲ್ಲಿ ಒಂದೇ ಹೆಸರಿಗೆ ಜಾಗ. ಮೂವತ್ತೊಂದು ವರ್ಷ ನಾನು ಅಲ್ಲಿ ಒಂದೇ ಹೆಸರು ಬರೆದಿದ್ದೇನೆ. ಬೊಮ್ಮಯ್ಯ ಎಂದು ಬರೆದು, ಸ್ಕೇಲು ಇಟ್ಟು ಕೆಳಗೆ ಇನ್ನೊಂದು ಗೆರೆ ಎಳೆದು, ತುಳಸಿ ಎಂದು ಬರೆದೆ. ಅವಳಿಗೆ ಕೊಟ್ಟೆ. ಅವಳು ಪೂರ್ತಿ ಓದಿ, 'ಬೆಚ್ಚಗೆ' ಎಂಬ ಶಬ್ದದ ಮೇಲೆ ಒಮ್ಮೆ ಬೆರಳಾಡಿಸಿ, ಸಹಿ ಮಾಡಿದಳು.

ಕೆಲಸ ಮುಗಿದ ಹೊತ್ತು, ಐದು ಇಪ್ಪತ್ತು.